ಕೋನ್ ಸೋದರಿಯರನ್ನು ‘ಪೋಷಕರು’ ಅನ್ನಬಹುದೇ? (ತುರ್ತು)

ಗೆಳೆಯರೇ, ನಾಳೆ ಬೆಳಗ್ಗೆ ಒಂದು ಫಲಕ ಅಚ್ಚಿಗೆ ಹೋಗಬೇಕು. ಅಮೆರಿಕದ ಬಾಲ್ಟಿಮೋರಿನ ಕ್ಲಾರಿಬೆಲ್ ಮತ್ತು ಎಟ್ಟಾ ಕೋನ್ ಬಗ್ಗೆ. ಅಣ್ಣಂದಿರ ಬಟ್ಟೆ ಗಿರಣಿಯ ಹಣದಲ್ಲಿ ಮತೀಸ್, ಪಿಕಾಸೊ ಅನ್ನುವ ಆಧುನಿಕ ಕಲಾವಿದರ ಚಿತ್ರಗಳನ್ನು ಕೊಂಡು ತಂದು ಮನೆಯ ಗೋಡೆ ತುಂಬಿಸಿದವರು. ಕಲೆಗೆ ಆಸರೆಯಾದವರು ಅನ್ನುವ ಅರ್ಥದಲ್ಲಿ ‘ಪೋಷಕರು’ ಅಂತ ಬರೆದು ಮಗಳಿಗೆ ತೋರಿಸಿದೆ. “ಯಾರ ಅಪ್ಪ-ಅಮ್ಮ?” ಅಂದಳು. ಅವಳ ಶಾಲೆಯ ಡೈರಿಯಲ್ಲಿ ದಿನವೂ ನಾನು ಸಹಿ ಹಾಕುವುದು ‘ಪೋಷಕರ ಸಹಿ’ ಅನ್ನುವ ಜಾಗದಲ್ಲೇ. ‘ದಾನಿ’ ಅಂದರೆ ಕೊಟ್ಟದ್ದಷ್ಟೇ ಕಾಣುತ್ತದೆ. ಬೇರೆ ಪದ ಇದೆಯೇ?

— ‘ಪೋಷಕ’ ಬೇಡವೇ ಬೇಡ. ಸಂಸ್ಕೃತದ ಹೊರೆ ಇನ್ನೆಷ್ಟು ದಿನ? ‘ಇಂಬುಗಾರ್ತಿ’ ಅನ್ನಿ. ಇಂಬು ಅಂದರೆ ಎಡೆಯೂ ಹೌದು, ಆಸರೆಯೂ ಹೌದು. ಗೋಡೆಯಲ್ಲಿ ಎಡೆ ಕೊಟ್ಟವರಿಗೆ ಇದಕ್ಕಿಂತ ಒಪ್ಪುವ ಪದವಿಲ್ಲ.

— ಯಾರೂ ಆಡದ ಪದವನ್ನು ಫಲಕದ ಮೇಲೆ ಹೇರಬೇಡಿ. ‘ಇಂಬು ಕೊಡು’ ಇದೆ, ‘ಇಂಬುಗಾರ್ತಿ’ ಇಲ್ಲ. ‘ಪುಷ್’ ಧಾತುವನ್ನೇ ಹಿಡಿಯಿರಿ: ಉಣಿಸಿ ಬೆಳೆಸುವುದು. ಬೆಳೆಸಿದ್ದು ಯಾರನ್ನು? 1905-06ರಲ್ಲಿ ಎಟ್ಟಾ ಪ್ಯಾರಿಸ್ಸಿನಲ್ಲಿ ಪಿಕಾಸೊನ ರೇಖಾಚಿತ್ರಗಳನ್ನು ಕೊಂಡಾಗ ಅವನ ಕೈ ಬರಿದಾಗಿತ್ತು; ಆಗ ಅದು ಕಲಾವಿದನ ಪೋಷಣೆ. 1926ರಲ್ಲಿ ಕ್ಲಾರಿಬೆಲ್ ಮತೀಸನ ‘ನೀಲಿ ನಗ್ನೆ’ ಚಿತ್ರವನ್ನು ಕೊಳ್ಳುವಾಗ ಅವನು ಆಗಲೇ ಹೆಸರಾಂತವನು. ಪೋಷಣೆ ಬೇಕಿದ್ದದ್ದು ಊರಿನ ಕಣ್ಣಿಗೆ. 1929ರಲ್ಲಿ ತೀರಿಕೊಂಡ ಆಕೆ ಉಯಿಲಿನಲ್ಲಿ ತಂಗಿಗೆ ಬರೆದಿಟ್ಟದ್ದೂ ಅದನ್ನೇ: ಬಾಲ್ಟಿಮೋರಿನಲ್ಲಿ ಆಧುನಿಕ ಕಲೆಯ ಅಭಿರುಚಿ ಸುಧಾರಿಸಿದರೆ ಚಿತ್ರಗಳು ಅಲ್ಲಿನ ಮ್ಯೂಸಿಯಮ್ಮಿಗೆ ಸೇರಲಿ. ಎಟ್ಟಾ ಇಪ್ಪತ್ತು ವರ್ಷ ಕಾದಳು. 1949ರಲ್ಲಿ ಅವಳು ಹೋದ ಮೇಲೆ ಸುಮಾರು 3,000 ವಸ್ತುಗಳು ಆ ಊರಿನವಾದವು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ ಅತ್ತಿಮಬ್ಬೆ ಪೋಷಿಸಿದ್ದೂ ಓದುಗರನ್ನೇ ಅಲ್ಲವೇ? ಅವಳನ್ನು ನಮ್ಮವರು ‘ದಾನಚಿಂತಾಮಣಿ’ ಅಂದರು.

— ದಾನವೂ ಸಂಸ್ಕೃತ, ಚಿಂತಾಮಣಿಯೂ ಸಂಸ್ಕೃತ. ನನ್ನ ತಕರಾರೇ ಅದು.

— ‘ತಕರಾರು’ ಅರಬ್ಬಿಯಿಂದ ಬಂದದ್ದು. ಅದನ್ನು ಕನ್ನಡವೆಂದೇ ಆಡುತ್ತೀರಿ, ಸರಿಯಾಗಿಯೇ ಆಡುತ್ತೀರಿ. ‘ಪೋಷಕ’ಕ್ಕೂ ಅದೇ ನ್ಯಾಯ ಕೊಡಿ.

— ಹಳಗನ್ನಡದಿಂದ ಕಟ್ಟಬಹುದಾದಾಗಲೂ ಎರವಲು ಯಾಕೆ ಅನ್ನುವುದು ನನ್ನ ಪ್ರಶ್ನೆ. ಅದಕ್ಕೆ ನೀವು ಉತ್ತರ ಕೊಟ್ಟಿಲ್ಲ.

ಇಬ್ಬರಿಗೂ ಕೃತಜ್ಞತೆ. ತಲೆಬರಹಕ್ಕೆ ‘ಕಲಾಪೋಷಕಿಯರು’ ಹಾಕಿದೆ. ‘ಕಲಾ’ ಸೇರಿದ್ದೇ ಮಗಳಿಗೆ ಅರ್ಥವಾಯಿತು. ಕೆಳಗಿನ ಸಾಲಿನಲ್ಲಿ ‘ಹೊಸ ಚಿತ್ರಗಳಿಗೆ ತಮ್ಮ ಊರಿನಲ್ಲಿ ಇಂಬು ಕೊಟ್ಟವರು’ ಅಂತಿದೆ. ಇನ್ನೊಂದೇ ಉಳಿದಿದೆ: ‘ಮತೀಸ್’ ಸರಿಯೋ ‘ಮಾಟಿಸ್’ ಸರಿಯೋ? ರಾತ್ರಿ ಹತ್ತರೊಳಗೆ ಹೇಳಿ.