ಹೋಮೋಜನೈಸೇಷನ್: ‘ಏಕರೂಪೀಕರಣ’ ಸರಿಯಾ, ‘ಒಟ್ಟುಗುಣ’ ಆಗಬಹುದಾ?

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಡಿಪ್ಲೊಮಾ ಮಕ್ಕಳಿಗಾಗಿ ಕಾಂಪೊಸಿಟ್ (ಬೇರೆ ಬೇರೆ ವಸ್ತು ಸೇರಿಸಿ ಮಾಡಿದ್ದು) ಬಗ್ಗೆ ಕನ್ನಡದಲ್ಲಿ ಸಣ್ಣ ಪಾಠ ಬರೆಯುತ್ತಿದ್ದೇನೆ. ಹೋಮೋಜನೈಸೇಷನ್ ಬಂದಲ್ಲಿ ‘ಏಕರೂಪೀಕರಣ’ ಅಂತ ಹಾಕಿದ್ದೆ. ಹುಡುಗನೊಬ್ಬ ಓದಿ, “ಸರ್, ಹಾಲಿಗೆ ಮಾಡ್ತಾರಲ್ಲ, ಅದೇನಾ?” ಅಂದ.

ಹಾಲಿನಲ್ಲಿ ಕೊಬ್ಬಿನ ಹನಿಗಳನ್ನು ನಿಜವಾಗಿ ಒಡೆಯುತ್ತಾರೆ, ಹಾಗಾಗಿ ಕೆನೆ ಮೇಲೆ ಬರುವುದಿಲ್ಲ. ನಮ್ಮ ಲೆಕ್ಕದಲ್ಲಿ ವಸ್ತುವನ್ನು ಯಾರೂ ಮುಟ್ಟುವುದೇ ಇಲ್ಲ. ಮಲ್ಪೆಯ ಫೈಬರ್ ದೋಣಿಯ ಮುರಿದ ಚೂರು ನೋಡಿ. ಗಾಜಿನ ನಾರು ಬಿಳಿಬಿಳಿಯಾಗಿ ಹೊರಗೆ ಚಾಚಿರುತ್ತದೆ, ನಾರನ್ನು ಹಿಡಿದಿಡುವ ಅಂಟು, ಅಂದರೆ ರೆಸಿನ್, ಬೇರೆಯೇ ಕಾಣುತ್ತದೆ. ಇದೆಲ್ಲ ಒಂದೇ ವಸ್ತು ಅಂದುಕೊಂಡರೆ ಅದರ ಬಿಗಿತ (ಎಳೆದರೆ ಹಿಗ್ಗದೆ ತಡೆಯುವ ಗುಣ) ಎಷ್ಟು? ಹೋಮೋಜನೈಸೇಷನ್‌ನಲ್ಲಿ ಕೇಳುವುದು ಇಷ್ಟೇ.

‘ಸರಾಸರಿ’ ಅಂದರೆ ಅದೂ ದಾರಿ ತಪ್ಪಿಸುತ್ತದೆ. ಬಿಗಿತ 1 ಮತ್ತು 9 ಇರುವ ಎರಡು ಬಗೆಯ ಪದರ ಸಮಪಾಲು ಇವೆ ಅನ್ನಿ. ಸರಳ ಲೆಕ್ಕದಲ್ಲಿ, ಪದರದ ಉದ್ದಕ್ಕೆ ಎಳೆದರೆ 5, ಅಡ್ಡಕ್ಕೆ ಎಳೆದರೆ ಬರೀ 1.8! ಅದೇ ಸಾಮಾನು, ಅದೇ ಪಾಲು. ಪದರವೋ ನಾರೋ ಹೇಗೆ ಮಲಗಿದೆ ಅನ್ನುವುದೇ ಮುಖ್ಯ, ಅಲ್ವಾ?

ಅದಕ್ಕೇ ಫೂರಿಯೆ ವಿಧಾನ (ಚಿತ್ರವನ್ನು ಅಲೆಗಳ ಮೊತ್ತವಾಗಿ ಬರೆದು ಲೆಕ್ಕ ಮಾಡುವುದು) ಬೇಕಾಗುವುದು. 1994ರಲ್ಲಿ ಫ್ರಾನ್ಸಿನ ಸಂಶೋಧಕರಾದ ಮೂಲಿನೆಕ್ ಮತ್ತು ಸುಕೆ ಕೊಟ್ಟದ್ದು. ವಸ್ತುವಿನ ಒಳಚಿತ್ರವನ್ನು ಚೌಕುಳಿಗಳಾಗಿ ಮಾಡಿ, ಪ್ರತಿ ಚೌಕಕ್ಕೂ ನಾರಿನದೋ ರೆಸಿನ್‌ನದೋ ಬಿಗಿತ ಕೊಡುತ್ತಾರೆ. ಒಂದು ಚೌಕದ ಸೆಳೆತ ಉಳಿದ ಎಲ್ಲ ಚೌಕಗಳಿಗೂ ತಟ್ಟುತ್ತದೆ. ನೇರವಾಗಿ ಕೂಡಿಸಹೊರಟರೆ ದೊಡ್ಡ ರಗಳೆ. ಫೂರಿಯೆ ಅಲೆಗಳಿಗೆ ಹೋದರೆ ಆ ಭಾಗ ಸುಮ್ನೆ ಗುಣಾಕಾರ. ಚೌಕಗಳಿಂದ ಅಲೆಗಳಿಗೆ ಹೋಗಿ ಬಂದು, ಹೋಗಿ ಬಂದು, ಉತ್ತರ ಬದಲಾಗದೆ ನಿಲ್ಲುವವರೆಗೆ. ಎರಡು ವಸ್ತುಗಳ ಬಿಗಿತದಲ್ಲಿ ಅಂತರ ಜಾಸ್ತಿಯಾದಷ್ಟೂ ಸುತ್ತುಗಳೂ ಜಾಸ್ತಿ.

ಇಲ್ಲಿ ಚಿತ್ರ ಪೀರಿಯಾಡಿಕ್ ಆಗಿರಬೇಕು. ಎಡಗಡೆ ಹೊರಗೆ ಹೋದ ನಾರು ಬಲಗಡೆಯಿಂದ ಒಳಗೆ ಬರಬೇಕು. ‘ಆವರ್ತಕ’ ಅಂದರೆ ಮಕ್ಕಳಿಗೆ ರಸಾಯನಶಾಸ್ತ್ರದ ಕೋಷ್ಟಕ ನೆನಪಾಗುತ್ತದೆ. ನಾನು ಮಂಗಳೂರು ಹಂಚು ತೋರಿಸಿದೆ. ಒಂದರ ಅಂಚು ಪಕ್ಕದ್ದರ ತಗ್ಗಿನಲ್ಲಿ ಕೂರುತ್ತದೆ, ಒಂದು ಹಂಚು ಗೊತ್ತಾದರೆ ಇಡೀ ಮಾಡು ಗೊತ್ತಾಯಿತು. ಹಾಗಾಗಿ ‘ಹಂಚುಜೋಡಣೆ’ ಅಂತ ಬರೆದುಕೊಂಡಿದ್ದೇನೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಅನುಮಾನ ಇರುವುದು ಮೊದಲಿನ ಪದದಲ್ಲಿ, ಹೋಮೋಜನೈಸೇಷನ್‌ನಲ್ಲಿ. ‘ಒಟ್ಟುಗುಣ ಕಾಣುವುದು’ ಅಂತ ಬರೆಯುವ ಮನಸ್ಸಿದೆ. ನಮ್ಮ ಕಡೆ ‘ಅವರೊಟ್ಟಿಗೆ ಬಂದೆ’ ಅನ್ನುತ್ತೇವೆ, ಹಾಗಾಗಿ ಒಟ್ಟು ಅಂದರೆ ನನ್ನ ಕಿವಿಗೆ ಜೊತೆಗಿರುವುದು. ಮೈಸೂರು, ಧಾರವಾಡದ ಕಡೆಯವರಿಗೆ ಅದು ಕೂಡಿಸಿ ಬಂದ ಮೊತ್ತ ಅಂತಲೇ ಕೇಳುತ್ತದಾ?