ಕಡಲತಳದ ಚಿಪ್ಪುಗಳು ಹಳೆಯ ಬಿಸಿಯನ್ನು ‘ದಾಖಲಿಸುತ್ತವೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಆಳ ಸಮುದ್ರದ ತಳದಲ್ಲಿ ಸಿಗುವ ತೀರಾ ಚಿಕ್ಕ ಪಳೆಯುಳಿಕೆಗಳನ್ನು ನೋಡಿ, ಭೂಮಿ ಹಿಂದೆ ಯಾವಾಗ ಬಿಸಿಯಾಗಿತ್ತು ಎಂದು ಹೇಗೆ ತಿಳಿಯುತ್ತಾರೆ ಅನ್ನೋದು ವಿಷಯ. ಕೆಲವು ಪದಗಳ ವಿಚಾರದಲ್ಲಿ ನಿಮ್ಮ ಅಭಿಪ್ರಾಯ ಬೇಕು. ಹಿನ್ನೆಲೆ ಗೊತ್ತಿಲ್ಲದೆ ಪದ ತೂಗೋದು ಕಷ್ಟ, ಹಾಗಾಗಿ ಮೊದಲು ಅದನ್ನು ಹೇಳುತ್ತೇನೆ.

1987ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಹಡಗು ಅಂಟಾರ್ಕ್ಟಿಕಾದ ಪಕ್ಕದ ವೆಡೆಲ್ ಸಮುದ್ರಕ್ಕೆ ಹೋಗಿತ್ತು. ಅಲ್ಲಿ ಮಾಡ್ ರೈಸ್ ಎಂಬ ನೀರೊಳಗಿನ ದಿಬ್ಬವನ್ನು ಕೊರೆದು, ಕೊಳವೆಗಳಲ್ಲಿ ಮಣ್ಣನ್ನು ಮೇಲೆತ್ತಿದರು. ಸಮುದ್ರತಳದಿಂದ ಸುಮಾರು 170 ಮೀಟರ್ ಕೆಳಗಿನ ಪದರದಲ್ಲಿ ವಿಚಿತ್ರವಾದದ್ದೊಂದು ಕಂಡಿತು. ಅಲ್ಲಿನ ಚಿಪ್ಪುಗಳ ರಾಸಾಯನಿಕ ಗುಣ ಇದ್ದಕ್ಕಿದ್ದಂತೆ ಬದಲಾಗಿತ್ತು. ತಳದಲ್ಲಿ ಬದುಕುವ ಎಷ್ಟೋ ಜಾತಿಗಳು ಅಲ್ಲಿಂದ ಮುಂದೆ ಕಾಣಿಸುವುದೇ ಇಲ್ಲ. ಜೇಮ್ಸ್ ಕೆನೆಟ್ ಮತ್ತು ಲೋವೆಲ್ ಸ್ಟಾಟ್ ಇದನ್ನು 1991ರಲ್ಲಿ ಪ್ರಕಟಿಸಿದರು. ಪ್ಯಾಲಿಯೊಸೀನ್ ಯುಗ ಮುಗಿದು ಇಯೊಸೀನ್ ಶುರುವಾಗುವ ಹೊತ್ತು ಅದು, ಸುಮಾರು 5 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಭೂಮಿಯ ಸರಾಸರಿ ಉಷ್ಣತೆ ಆಗ 5ರಿಂದ 6 ಡಿಗ್ರಿಯಷ್ಟು ಏರಿತ್ತು ಎಂಬುದು ಈಗಿನ ಅಂದಾಜು. ವಿಜ್ಞಾನಿಗಳು ಇದನ್ನು ಚುಟುಕಾಗಿ ಪಿಇಟಿಎಂ (ಪ್ಯಾಲಿಯೊಸೀನ್-ಇಯೊಸೀನ್ ಥರ್ಮಲ್ ಮ್ಯಾಕ್ಸಿಮಮ್) ಅಂತ ಕರೆಯುತ್ತಾರೆ. (56 ಮಿಲಿಯನ್ ಅನ್ನು ‘56 ಲಕ್ಷ’ ಎಂದು ಬರೆಯುವವರಿದ್ದಾರೆ. ದಯವಿಟ್ಟು ಈ ಲೆಕ್ಕ ಗಮನಿಸಿ.)

ಆ ಚಿಪ್ಪುಗಳು ಫೊರಾಮಿನಿಫೆರಾ ಎಂಬ ಜೀವಿಗಳವು. ಒಂದೇ ಜೀವಕೋಶದ ಜೀವಿ, ಬಹಳಷ್ಟು ಜಾತಿಗಳು ಮರಳಿನ ಕಾಳಿನಷ್ಟೇ ಇರುತ್ತವೆ. ಸುತ್ತಲಿನ ನೀರಿನಿಂದಲೇ ಕ್ಯಾಲ್ಸಿಯಂ, ಇಂಗಾಲ, ಆಮ್ಲಜನಕ ತೆಗೆದುಕೊಂಡು ಚಿಪ್ಪು ಕಟ್ಟಿಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಕೊಳವೆಯ ಮಣ್ಣನ್ನು ತೊಳೆದು, ನವಿರಾದ ಜರಡಿಯಲ್ಲಿ ಸೋಸುತ್ತಾರೆ. ಉಳಿದದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಒದ್ದೆ ಮಾಡಿದ ಸಣ್ಣ ಕುಂಚದ ತುದಿಯಿಂದ ಬೇಕಾದ ಜಾತಿಯ ಚಿಪ್ಪನ್ನು ಒಂದೊಂದಾಗಿ ಹೆಕ್ಕುತ್ತಾರೆ. ಅದಕ್ಕೆ ಆಮ್ಲ ಹಾಕಿದರೆ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಆಮ್ಲಜನಕದ ಪರಮಾಣುಗಳಲ್ಲಿ ತುಸು ಭಾರದವೂ ಹಗುರದವೂ ಇರುತ್ತವೆ; ಆ ಅನಿಲದಲ್ಲಿ ಭಾರದ ಆಮ್ಲಜನಕ ಎಷ್ಟು, ಹಗುರದ್ದು ಎಷ್ಟು ಎಂದು ಅಳೆಯುತ್ತಾರೆ. ನೀರು ಬೆಚ್ಚಗಿದ್ದಷ್ಟೂ ಚಿಪ್ಪಿನಲ್ಲಿ ಭಾರದ ಆಮ್ಲಜನಕ ಕಡಿಮೆ. ಆ ಕಾಲದಲ್ಲಿ ಧ್ರುವಗಳ ಮೇಲೆ ಈಗಿನಂಥ ದೊಡ್ಡ ಹಿಮರಾಶಿ ಇರಲಿಲ್ಲವಾದ್ದರಿಂದ ಈ ಲೆಕ್ಕ ಸ್ವಲ್ಪ ಸಲೀಸು (ಹಿಮರಾಶಿ ಹಗುರದ ಆಮ್ಲಜನಕವನ್ನು ಹೆಚ್ಚು ಹಿಡಿದಿಟ್ಟುಕೊಂಡು ಸಮುದ್ರದ ನೀರಿನ ಲೆಕ್ಕ ಬದಲಿಸುತ್ತದೆ). ಇಂಗಾಲದ ಲೆಕ್ಕವೂ ಹೀಗೇ. ಹಗುರದ ಇಂಗಾಲ ಒಮ್ಮೆಲೇ ಜಾಸ್ತಿಯಾದರೆ, ಎಲ್ಲಿಂದಲೋ ಅಪಾರ ಇಂಗಾಲ ಗಾಳಿಗೂ ನೀರಿಗೂ ಬಂದು ಸೇರಿದೆ ಎಂದರ್ಥ.

ಈಗ ನನ್ನ ಮುಖ್ಯ ಪ್ರಶ್ನೆ. ಇದನ್ನೆಲ್ಲ ಬರೆಯುವಾಗ ‘ಚಿಪ್ಪುಗಳು ಹಳೆಯ ತಾಪಮಾನವನ್ನು ದಾಖಲಿಸಿವೆ’ ಎಂದು ಬರೆಯುವುದು ರೂಢಿಯಾಗಿದೆ. ನನಗೆ ಈ ‘ದಾಖಲಿಸು’ ಒಪ್ಪಿಗೆಯಾಗುತ್ತಿಲ್ಲ. ಕನ್ನಡದಲ್ಲಿ ದಾಖಲೆ ಅಂದಕೂಡಲೇ ಬರೆದಿಟ್ಟವನೊಬ್ಬ, ಬರೆಸಿಕೊಂಡ ಪುಸ್ತಕವೊಂದು ಕಣ್ಣಮುಂದೆ ಬರುತ್ತದೆ. ಆಸ್ಪತ್ರೆಗೆ ದಾಖಲಾಗುವುದು, ದೂರು ದಾಖಲಿಸುವುದು, ಮಳೆ ದಾಖಲೆ ಮುರಿಯುವುದು, ಇವೆಲ್ಲ ಅದೇ ಪದದ ಬಳಕೆಗಳು. ಚಿಪ್ಪು ಮಾಡುವ ಕೆಲಸ ಅದಲ್ಲ. ಅದು ನೀರಿನ ಬಗ್ಗೆ ಏನನ್ನೂ ಬರೆದಿಡುವುದಿಲ್ಲ. ಆ ನೀರಿನಿಂದಲೇ ಬೆಳೆಯುತ್ತದೆ.

ಅದಕ್ಕೇ ನನಗೆ ‘ಮೈಗೂಡಿಸಿಕೊಳ್ಳು’ ಹಿಡಿಸಿದೆ. ‘ಫೊರಾಮಿನಿಫೆರಾಗಳು ತಾವು ಬದುಕಿದ ನೀರಿನ ಗುಣವನ್ನು ಮೈಗೂಡಿಸಿಕೊಂಡಿವೆ.’ ಮನುಷ್ಯರ ಒಳ್ಳೆಯ ಗುಣ, ಅಭ್ಯಾಸಗಳಿಗೆ ಈ ಮಾತು ಬಳಸುತ್ತೇವೆ. ಇಲ್ಲಿ ಅಕ್ಷರಶಃ ಮೈಗೇ ಕೂಡಿಕೊಂಡಿದೆ. ಚಿಪ್ಪಿನಂಥ ವಸ್ತುವಿಗೆ ಹೊಂದುತ್ತದಾ ಅಥವಾ ಕಿವಿಗೆ ಬಲವಂತ ಅನ್ನಿಸುತ್ತದಾ, ಹೇಳಿ.

‘ದಾಖಲೆ’ ಬೇಡ ಅನ್ನಲು ಇನ್ನೂ ಗಟ್ಟಿಯಾದ ಕಾರಣವಿದೆ. 2003ರಲ್ಲಿ ಅದೇ ಹಡಗು ದಕ್ಷಿಣ ಅಟ್ಲಾಂಟಿಕ್‌ನ ವಾಲ್ವಿಸ್ ರಿಜ್ ಎಂಬ ಏಣಿನ ಮೇಲೆ ಬೇರೆ ಬೇರೆ ಆಳಗಳಲ್ಲಿ ಕೊರೆಯಿತು. ಮೇಲೆ ಬಂದ ಮಣ್ಣಿನಲ್ಲಿ ಚಿಪ್ಪು ತುಂಬಿದ ತಿಳಿಬಣ್ಣದ ಪದರ ಥಟ್ಟನೆ ನಿಂತು, ಕೆಂಗಂದು ಜೇಡಿ ಶುರುವಾಗುತ್ತದೆ. ಆ ಜೇಡಿಯಲ್ಲಿ ಚಿಪ್ಪು ಇಲ್ಲವೆನ್ನುವಷ್ಟು ಕಡಿಮೆ. ಕಾರಣ, ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡನ್ನು ಸಮುದ್ರ ಹೀರಿಕೊಂಡು ನೀರಿನ ಆಮ್ಲತೆ ಏರಿತು. ಮೇಲಿನಿಂದ ಬಿದ್ದ ಚಿಪ್ಪು ತಳದಲ್ಲಿ ಹೂತುಹೋಗುವ ಮೊದಲೇ ಕರಗಿತು. ಅಷ್ಟೇ ಅಲ್ಲ, ಅದಕ್ಕೂ ಮುಂಚೆ ತಳದಲ್ಲಿ ಕೂತಿದ್ದ ಚಿಪ್ಪುಗಳನ್ನೂ ಆ ನೀರು ಸ್ವಲ್ಪ ತಿಂದುಹಾಕಿತು. ಬಿಸಿಯ ಆರಂಭಕ್ಕೆ ಇರುವ ದೊಡ್ಡ ಪುರಾವೆಗಳಲ್ಲೊಂದು ಎಂದರೆ ಚಿಪ್ಪುಗಳು ಅಲ್ಲಿ ಇಲ್ಲದಿರುವುದೇ! ಇಲ್ಲದ ಚಿಪ್ಪು ದಾಖಲಿಸಿತು ಎಂದು ಮಕ್ಕಳಿಗೆ ಹೇಗೆ ಹೇಳೋದು? ಇಲ್ಲಿ ‘ಪದರ ಸುಳಿವು ಕೊಡುತ್ತದೆ’ ಎಂದು ಬರೆದಿದ್ದೇನೆ. ಚಿಪ್ಪಿಗೆ ಒಂದು ಕ್ರಿಯಾಪದ, ಪದರಕ್ಕೆ ಇನ್ನೊಂದು. ಇದಕ್ಕಿಂತ ಒಳ್ಳೆಯದಿದ್ದರೆ ಸೂಚಿಸಿ.

ಎರಡನೆಯದು ‘ಕೋಶ’. ಫೊರಾಮಿನಿಫೆರಾ ಚಿಪ್ಪಿನೊಳಗೆ ಸಾಮಾನ್ಯವಾಗಿ ಹಲವು ವಿಭಾಗಗಳಿರುತ್ತವೆ, ಜೀವಿ ಬೆಳೆದಂತೆ ಒಂದೊಂದೇ ಸೇರಿಸಿಕೊಳ್ಳುತ್ತದೆ. ಅವನ್ನು ಕೋಶ ಎಂದರೆ ‘ಏಕಕೋಶ ಜೀವಿಯ ಬಹುಕೋಶ ಚಿಪ್ಪು’ ಎಂಬ ಗೊಂದಲ ಹುಟ್ಟುತ್ತದೆ. ಪರೀಕ್ಷೆಗೆ ಓದುವ ಮಗು ಖಂಡಿತ ತಪ್ಪು ತಿಳಿಯುತ್ತದೆ. ‘ಕೋಣೆ’ ಸಾಕು ಅನ್ನೋದು ನನ್ನ ಮತ. ಜೀವಿಯ ಲ್ಯಾಟಿನ್ ಹೆಸರನ್ನು ಅಕ್ಷರಶಃ ಅನುವಾದಿಸಿ ‘ರಂಧ್ರಧಾರಿ’ ಎಂದು ಮಾಡುವುದೂ ಬೇಡ. 1826ರಲ್ಲಿ ಈ ಹೆಸರು ಕೊಟ್ಟ ಫ್ರಾನ್ಸಿನ ಡಾರ್ಬಿನಿ ಹೇಳಿದ್ದು ಕೋಣೆಯಿಂದ ಕೋಣೆಗಿರುವ ಕಿಂಡಿಯ ಬಗ್ಗೆ. ‘ರಂಧ್ರಧಾರಿ’ ಎಂದರೆ ಮೈತುಂಬ ತೂತಿರುವ ಜೀವಿ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ‘ಫೊರಾಮ್’ ಎಂದು ಚುಟುಕಾಗಿ ಬರೆದರೆ ಮಕ್ಕಳ ಬಾಯಿಗೂ ಸುಲಭ.

ಮೂರನೆಯದು ಬಿಸಿಯೇರಿಕೆಗೇ ಸಂಬಂಧಿಸಿದ್ದು. ‘ಜಾಗತಿಕ ತಾಪಮಾನದಿಂದ ಹಿಮ ಕರಗುತ್ತಿದೆ’ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ, ಅಲ್ವಾ? ತಾಪಮಾನ ಅಂದರೆ ಬರೀ ಅಳತೆ. ಅದು ಏರಬಹುದು, ಇಳಿಯಬಹುದು. ‘ತಾಪಮಾನ ಏರಿಕೆ’ ಎಂದೇ ಬರೆಯಬೇಕು, ಇದರಲ್ಲಿ ನನಗೆ ಅನುಮಾನವಿಲ್ಲ. ಪ್ರಶ್ನೆ ಇರುವುದು ಪಿಇಟಿಎಂನಂಥ ಘಟನೆಗೆ ಏನೆನ್ನಬೇಕು ಎಂಬಲ್ಲಿ. ಅದೊಂದೇ ಅಲ್ಲ, ಸುಮಾರು 20 ಲಕ್ಷ ವರ್ಷಗಳ ನಂತರ ಅದಕ್ಕಿಂತ ಚಿಕ್ಕದು ಇನ್ನೊಂದು ಬಂತು, ಆಮೇಲೂ ಕೆಲವು ಬಂದವು. ಇಡೀ ಗುಂಪಿಗೆ ಒಂದು ಹೆಸರು ಬೇಕು. ‘ಅತಿತಾಪ ಘಟನೆ’ ಎನ್ನಬಹುದು, ಆದರೆ ಅದು ಬೇಸಿಗೆಯ ಒಂದು ದಿನಕ್ಕೂ ಹೊಂದೀತು. ನಾನು ‘ಬಿಸಿಯುಬ್ಬರ’ ಎಂದು ಬರೆದು ನೋಡಿದೆ. ‘ಹಣದುಬ್ಬರ’ ಈಗಾಗಲೇ ನಮ್ಮ ಬಾಯಲ್ಲಿದೆ, ಹಾಗಾಗಿ ರಚನೆ ಹೊಸದಲ್ಲ. ಉಬ್ಬರ ಅಂದರೆ ಇಳಿತವೂ ಇದೆ ಎಂಬುದು ಅದರಲ್ಲೇ ಅಡಗಿದೆ.

ಒಂದು ತೊಡಕಿದೆ. ಕಡಲಿನ ಉಬ್ಬರ, ಇಳಿತಗಳು ಹೆಚ್ಚುಕಡಿಮೆ ಒಂದೇ ಹೊತ್ತು ತೆಗೆದುಕೊಳ್ಳುತ್ತವೆ. ಪಿಇಟಿಎಂ ಹಾಗಲ್ಲ. ಬಿಸಿ ಏರಿದ್ದು ಕೆಲವು ಸಾವಿರ ವರ್ಷಗಳಲ್ಲಿ, ಮೊದಲಿನ ಸ್ಥಿತಿಗೆ ಮರಳಲು ಒಂದು ಲಕ್ಷ ವರ್ಷಕ್ಕೂ ಜಾಸ್ತಿ ಹಿಡಿಯಿತು. ಬಂಡೆಗಳು ಮಳೆಗಾಳಿಗೆ ಸವೆಯುತ್ತಾ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಬೇಕಿತ್ತು. ಬೇಗ ಏರಿ ತಡವಾಗಿ ಇಳಿಯುವುದಕ್ಕೆ ನಿಮ್ಮ ಕಡೆ ಯಾವುದಾದರೂ ಮಾತಿದೆಯೇ? ಮಂಗಳೂರು, ಉಡುಪಿ, ಕಾರವಾರದ ಕಡೆಯವರು, ಮುಖ್ಯವಾಗಿ ಮೀನುಗಾರರ ಮನೆಯವರು, ದಯವಿಟ್ಟು ಬರೆಯಿರಿ.

ಕೊನೆಯದಾಗಿ ‘ಹೂಳು’. ಆಳ ಸಮುದ್ರದ ತಳದ ಮಣ್ಣಿಗೆ ಈ ಪದ ಬಳಸಿದ್ದೇನೆ. ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಕೂಡುವ ಮಣ್ಣು ಅದು, ಬಹುಪಾಲು ಮೇಲಿನಿಂದ ಉದುರಿದ ಚಿಪ್ಪುಗಳೇ. ನಮ್ಮವರಿಗೆ ಹೂಳು ಅಂದರೆ ತುಂಗಭದ್ರಾ ಅಣೆಕಟ್ಟೆಯಲ್ಲಿ ನದಿ ತಂದು ಸುರಿದದ್ದು. ಆದರೂ ‘ಹೂಳು’ ಎಂಬ ಕ್ರಿಯಾಪದ ಇಲ್ಲಿ ಚೆನ್ನಾಗಿ ಜೊತೆ ಕೊಡುತ್ತದೆ. ‘ಸಂಚಯ’, ‘ಅವಸಾದ’ಗಳಿಗಿಂತ ಇದೇ ವಾಸಿ ಅನ್ನಿಸಿತು. ‘ಅವಸಾದ’ ಓದಿದ ಮಗು ಬೇಸರ ಎಂದೇ ಅರ್ಥ ಮಾಡಿಕೊಂಡೀತು. ಹೂಳು ಇಟ್ಟುಕೊಳ್ಳಲಾ, ಅಥವಾ ಸುಮ್ನೆ ‘ತಳದ ಮಣ್ಣು’ ಎಂದುಬಿಡಲಾ?