ಸೂಜಿ ವಿಡಿಯೋ, ಚಿಕ್ಕಪ್ಪನ ಕುತ್ತಿಗೆ

ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ ವಿಡಿಯೋ) ಎಲ್ಲರೂ ನೋಡಿ. ಡ್ರೈ ನೀಡ್ಲಿಂಗ್ ಅಂತೆ. ಹೆಗಲಿಗೆ ಸೂಜಿ ಹಾಕಿದರು, 10 ವರ್ಷದ ಕುತ್ತಿಗೆ ನೋವು ಅಲ್ಲೇ ಮಾಯ. ನಮ್ಮ ಜಿಮ್ ಮಹಡಿಯಲ್ಲೂ ಹಾಕುತ್ತಾರೆ, ನಾಳೆ ಹೋಗುತ್ತಿದ್ದೇನೆ.

ಭಾವ ಸ್ಯಾನ್ ಹೋಸೆ: ಮಾವ, ಇದು ಅಕ್ಯುಪಂಕ್ಚರ್‌ಗೇ ಹೊಸ ಬೋರ್ಡು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫಿಸಿಯೋಗಳು ಸೂಜಿ ಮುಟ್ಟುವ ಹಾಗೇ ಇಲ್ಲ.

ಫಿಸಿಯೋ ಅಕ್ಕ: ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಬಿಡುತ್ತಾರಲ್ಲ ಭಾವ, ಅದನ್ನೂ ಹೇಳಿ. ಸೂಜಿ ಒಂದೇ, ಲೆಕ್ಕ ಬೇರೆ. ಅಕ್ಯುಪಂಕ್ಚರ್‌ನವರು ಮೆರಿಡಿಯನ್, ಅಂದರೆ ಮೈಯಲ್ಲಿ ಶಕ್ತಿ ಹರಿಯುತ್ತದೆ ಅಂತ ಅವರು ನಂಬುವ ದಾರಿ, ನೋಡಿ ಚುಚ್ಚುತ್ತಾರೆ, ನಾವು ಬೆರಳಲ್ಲಿ ಒತ್ತಿ ಒತ್ತಿ ಸ್ನಾಯುವಿನಲ್ಲಿ ಗಂಟು ಎಲ್ಲಿದೆ ಅಂತ ಹುಡುಕಿ ಅಲ್ಲಿಗೇ ಹಾಕುತ್ತೇವೆ, ಸರಿಯಾಗಿ ತಾಗಿದರೆ ಆ ಸ್ನಾಯು ಪಟಕ್ ಅಂತ ಒಂದು ಸಲ ಅದುರುತ್ತದೆ.

ಅತ್ತೆ: ಡ್ರೈ ಅಂದ್ರೆ ಏನೇ? ಒಣ ಸೂಜಿನಾ?

ಫಿಸಿಯೋ ಅಕ್ಕ: ಔಷಧಿ ಇಲ್ಲದ ಸೂಜಿ ಅತ್ತೆ. ಇಂಜೆಕ್ಷನ್ ಸೂಜಿಗೆ ಒಳಗೆ ತೂತು ಇರುತ್ತದೆ, ಇದಕ್ಕಿಲ್ಲ. ಮೊದಲೆಲ್ಲ ಇಂಥ ಗಂಟಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಿದ್ದರು, ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯ ಡಾಕ್ಟರ್ ಜಾನೆಟ್ ಟ್ರಾವೆಲ್ ಮಾಡುತ್ತಿದ್ದದ್ದೂ ಅದನ್ನೇ. ಔಷಧಿಗಿಂತ ಸೂಜಿ ತಾಗುವುದೇ ಮುಖ್ಯ ಅಂತ 1979ರಲ್ಲಿ ಕಾರೆಲ್ ಲೆವಿಟ್ ಅನ್ನುವ ಜೆಕ್ ಡಾಕ್ಟರ್ ಬರೆದರು.

ಚಿಕ್ಕಪ್ಪ: ನೋಡಿದಿರಾ! ಕೆನಡಿ!!

ನಾನು: ಚಿಕ್ಕಪ್ಪ, ಗುಂಡು ಬಿದ್ದ ದಿನವೂ ಕೆನಡಿ ಬೆನ್ನಿಗೆ ಪಟ್ಟಿ ಬಿಗಿದುಕೊಂಡೇ ಕಾರಲ್ಲಿ ಕೂತಿದ್ದರು.

ಫಿಸಿಯೋ ಅಕ್ಕ: ಹ್ಞೂಂ, ಅದೇ ವಿಷಯ. ಮಾಯ ಅನ್ನುವುದು ಸುಳ್ಳು. ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ನೋವು ತಗ್ಗುತ್ತದೆ, ಮೊದಲ ಒಂದೆರಡು ದಿನ ಚುಚ್ಚಿದ ಜಾಗವೇ ನೋಯುತ್ತದೆ, ಆಮೇಲೆ ಕತ್ತು ಸಲೀಸಾಗಿ ತಿರುಗುವಾಗ ವ್ಯಾಯಾಮ ಮಾಡಿದರೆ ಪ್ರಯೋಜನ ಉಂಟು, ಸೋಫಾದಲ್ಲಿ ಮಲಗಿ ಮೊಬೈಲ್ ನೋಡಿದರೆ ಮತ್ತೆ ಅದೇ ಕಥೆ.

ಚಿಕ್ಕಪ್ಪ: ನನ್ನ ಸೋಫಾ ವಿಷಯಕ್ಕೆ ಬರಬೇಡ.

ಭಾವ ಸ್ಯಾನ್ ಹೋಸೆ: ಶ್ವಾಸಕೋಶಕ್ಕೆ ತೂತು ಬೀಳುವುದನ್ನು ಯಾಕೆ ಹೇಳಲ್ಲ? 2014ರ ಸೋಚಿ ಒಲಿಂಪಿಕ್ಸ್‌ಗೆ ಸ್ವಲ್ಪ ಮುಂಚೆ ಇಲ್ಲಿಯ ಸ್ಕೀಯಿಂಗ್ ಹುಡುಗ ಟೋರಿನ್ ಯೇಟರ್ ವಾಲೇಸ್‌ಗೆ ಹಾಗೇ ಆಯಿತಲ್ಲ.

ಫಿಸಿಯೋ ಅಕ್ಕ: ಒಪ್ಪಿದೆ ಭಾವ. ಅಪರೂಪ, ಆದರೆ ಆಗುತ್ತದೆ. ಶ್ವಾಸಕೋಶದ ತುದಿ ಕಾಲರ್ ಮೂಳೆಗಿಂತ ಮೇಲಿರುತ್ತದೆ, ಅದಕ್ಕೇ ಹೆಗಲಲ್ಲಿ ಸ್ನಾಯುವನ್ನು ಚಿವುಟಿ ಎತ್ತಿ ಹಿಡಿದೇ ಹಾಕಬೇಕು. ಆಮೇಲೆ ಉಸಿರು ಕಟ್ಟಿದ ಹಾಗೆ, ಎದೆ ನೋವು ಬಂದ ಹಾಗೆ ಆದರೆ ನೇರ ಆಸ್ಪತ್ರೆಗೆ. ಚಿಕ್ಕಪ್ಪ, ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳು ಆಗುವ ಮಾತ್ರೆ ಕೊಟ್ಟಿದ್ದರಲ್ಲ, ಇನ್ನೂ ತಗೊಳ್ತಿದ್ದೀರಾ?

ಚಿಕ್ಕಪ್ಪ: ಹೌದು.

ಅತ್ತೆ: ಅಣ್ಣಾ, ಜಿಮ್ಮಿನವರಿಗೆ ಹೇಳಿದ್ಯಾ?

ಚಿಕ್ಕಪ್ಪ: ಅವರು ಕೇಳಲಿಲ್ಲ.

ಫಿಸಿಯೋ ಅಕ್ಕ: ಕೇಳದವರ ಹತ್ತಿರ ಸೂಜಿ ಹಾಕಿಸಿಕೊಳ್ಳಲೇಬೇಡಿ. ನೀವೇ ಮಾತ್ರೆ ನಿಲ್ಲಿಸಿ ಹೋಗೋಣ ಅಂತಲೂ ಯೋಚಿಸಬೇಡಿ, ಅದು ಇನ್ನೂ ಅಪಾಯ. ಹೃದಯದ ಡಾಕ್ಟರನ್ನು ಕೇಳಿ, ಭಾನುವಾರ ಬನ್ನಿ, ನಾನೇ ನೋಡುತ್ತೇನೆ.

ಭಾವ ಸ್ಯಾನ್ ಹೋಸೆ: ನೀನೂ ಚುಚ್ಚೋದೇ ತಾನೇ ಕೊನೆಗೆ?

ಫಿಸಿಯೋ ಅಕ್ಕ: ಮೊದಲು ಬಿಸಿ ಶಾಖ, ಕತ್ತಿನ ವ್ಯಾಯಾಮ. ಸೂಜಿ ಬೇಕೋ ಬೇಡವೋ ಆಮೇಲೆ.

ಅತ್ತೆ: ನನ್ನ ಸೊಂಟಾನೂ ನೋಡೇ.

ಚಿಕ್ಕಪ್ಪ: ಅದೆಲ್ಲ ಸರಿ. 500 ರೂಪಾಯಿ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದೇನೆ, ವಾಪಸ್ ಕೊಡ್ತಾರಾ?